ಮೀಟರಿನಲ್ಲಿ 12 ಬಂದರೂ ಬ್ಯಾಟರಿ ಖಾಲಿ

ಜೂನ್, ಜುಲೈಯಲ್ಲಿ ನಮ್ಮ ಉಡುಪಿ ಕಡೆ ಹೆಚ್ಚಿನ ದೋಣಿಗಳು ದಡ ಹತ್ತಿರುತ್ತವೆ. ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಬಂತೆಂದರೆ ನನ್ನ ಅಂಗಡಿ ಮುಂದೆ ಬ್ಯಾಟರಿಗಳ ಸಾಲು. ಎಲ್ಲರದ್ದೂ ಒಂದೇ ಮಾತು. ‘ಬ್ಯಾಟರಿ ಸರಿ ಉಂಟು ಮಾರಾಯ್ರೆ, ಮೀಟರಲ್ಲಿ 12 ತೋರಿಸ್ತದೆ. ಸೆಲ್ಫ್ ಮಾತ್ರ ಎಳೀತಿಲ್ಲ.’

12 ತೋರಿಸುತ್ತದೆ ಅಂದರೆ ಆ ಬ್ಯಾಟರಿ ಮುಕ್ಕಾಲು ಪಾಲು ಖಾಲಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಬ್ಯಾಟರಿ ಮೇಲೆಯೇ 12 ವೋಲ್ಟ್ ಅಂತ ಬರೆದಿದೆಯಲ್ವಾ ಅನ್ನುತ್ತಾರೆ.

ಬರೆದಿದೆ, ನಿಜ. ಆದರೆ ಈ ಲೆಡ್ ಆ್ಯಸಿಡ್ ಬ್ಯಾಟರಿಯ ಒಳಗೆ ಆರು ಸೆಲ್ ಇವೆ. ತುಂಬಿದಾಗ ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಒಟ್ಟು 12.6, 12.7 ಬರಬೇಕು. 12.4 ಬಂದರೆ ಮುಕ್ಕಾಲು ಉಳಿದಿದೆ. 12.2ಕ್ಕೆ ಅರ್ಧ. 12ಕ್ಕೆ ಇಳಿದಾಗ ಕಾಲು ಭಾಗ ಇದ್ದರೆ ಹೆಚ್ಚು. ಕಂಪನಿ, ಸೆಕೆ ನೋಡಿಕೊಂಡು ಸ್ವಲ್ಪ ಆಚೀಚೆ ಆಗಬಹುದು. ತುಂಬಿದ್ದಕ್ಕೂ ಬರಿದಾದದ್ದಕ್ಕೂ ಮಧ್ಯೆ ಒಂದು ವೋಲ್ಟ್ ಕೂಡ ಇಲ್ಲ. ಹಾಗಾಗಿ ಚುಕ್ಕಿಯ ನಂತರದ ಅಂಕಿಯನ್ನೇ ನೋಡಬೇಕು. ಹಳೇ ಮುಳ್ಳಿನ ಮೀಟರಿನಲ್ಲಿ ಇದು ಗೊತ್ತಾಗುವುದಿಲ್ಲ, ಡಿಜಿಟಲ್ ಮೀಟರ್ ಇಟ್ಟುಕೊಳ್ಳಿ.

ಮೋಟಾರ್ ನಿಲ್ಲಿಸಿದ ತಕ್ಷಣ ಅಥವಾ ಚಾರ್ಜರ್ ತೆಗೆದ ಕೂಡಲೇ ಅಳೆಯಬೇಡಿ. ಆಗ 13 ಬರುತ್ತದೆ, ಅದು ಸುಳ್ಳು. ಎಲ್ಲ ಸ್ವಿಚ್ ಆಫ್ ಮಾಡಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. 12.6 ಇದ್ದೂ ಸೆಲ್ಫ್ ಎಳೆಯದಿದ್ದರೆ, ಸೆಲ್ಫ್ ಒತ್ತಿ ಹಿಡಿದೇ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮೇಲೆಯೇ ಅನುಮಾನ. ಕುಸಿಯದಿದ್ದರೆ ಮೊದಲು ಕೇಬಲ್, ಟರ್ಮಿನಲ್ ಬಿಚ್ಚಿ ಉಜ್ಜಿ. ಉಪ್ಪುಗಾಳಿಗೆ ಹಸಿರು ಕಟ್ಟಿರುತ್ತದೆ.

ಅರ್ಧ ಖಾಲಿಯಾದ ಬ್ಯಾಟರಿಯನ್ನು ಎರಡು ತಿಂಗಳು ಸುಮ್ನೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಬಿಡುವುದಿಲ್ಲ. ದಡಕ್ಕೆ ಎಳೆಯುವಾಗ ಪೂರ್ತಿ ಚಾರ್ಜ್ ಮಾಡಿ, ಕೇಬಲ್ ತೆಗೆದಿಡಿ. ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಿ.

ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸುವ ಹಿರಿಯರೊಬ್ಬರಿದ್ದಾರೆ. ಬ್ಯಾಟರಿಯನ್ನು ಮದುಮಗನ ಹಾಗೆ ನೋಡಿಕೊಳ್ಳುತ್ತಾರೆ. ಒರೆಸಿ, ವ್ಯಾಸಲಿನ್ ಹಚ್ಚಿ, ಮೇಲೆ ಬಟ್ಟೆ ಹೊದಿಸಿರುತ್ತಾರೆ. ಚಾರ್ಜ್ ಮಾತ್ರ ಮಾಡುವುದಿಲ್ಲ. ‘ಮೋಟಾರೇ ಮಾಡ್ತದಲ್ಲ?’ ಅಂತ ನನ್ನನ್ನೇ ಕೇಳುತ್ತಾರೆ. ದೋಣಿಯ ಹಿಂದೆ ಕಟ್ಟುವ ಸಣ್ಣ ಔಟ್‌ಬೋರ್ಡ್ ಮೋಟಾರ್ ಕೊಡುವುದು ಐದಾರು ಆಂಪಿಯರ್, ಅದೂ ಜೋರಾಗಿ ಓಡಿದಾಗ. 60 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅರ್ಧ ಇಳಿದಿದ್ದರೆ ತುಂಬಲು ಐದಾರು ಗಂಟೆ ಬೇಕು. ಇವರದ್ದು ಹತ್ತು ನಿಮಿಷದ ಸುತ್ತು, ಪ್ರತಿ ಸುತ್ತಿಗೂ ಸೆಲ್ಫ್, ಮೇಲೆ ಹಾಡು ಬೇರೆ. ಕೊನೆಗೆ ಅವರ ಮಗಳು ದಾರಿಗೆ ತಂದಳು. ರಾತ್ರಿ ಚಾರ್ಜಿಗೆ ಹಾಕಿ, ಮರುದಿನ ಸಂಜೆ ಅಂಕಿಯನ್ನು ಬಾಗಿಲ ಮೇಲೆ ಚಾಕ್‌ನಿಂದ ಬರೆದಿಡುತ್ತಾಳೆ. ನನ್ನ ವ್ಯಾಪಾರಕ್ಕೆ ಕಲ್ಲು!

ಹೊಸದು ಕೊಳ್ಳುವವರಿಗೆ: ಹಾಡು, ಲೈಟು, ಫಿಶ್ ಫೈಂಡರ್ ಜಾಸ್ತಿ ಇದ್ದರೆ ಅದಕ್ಕೆ ಬೇರೆ ಡೀಪ್ ಸೈಕಲ್ ಬ್ಯಾಟರಿ, ಅಂದರೆ ತುಂಬಾ ಹೊತ್ತು ಸ್ವಲ್ಪ ಸ್ವಲ್ಪವೇ ಕರೆಂಟ್ ಕೊಡುವಂಥದ್ದು, ಇಡಿ. ಸೆಲ್ಫಿನ ಬ್ಯಾಟರಿ ಸೆಲ್ಫಿಗೇ ಇರಲಿ. ಬ್ಯಾಟರಿಯನ್ನು ಬೆಲ್ಟ್ ಹಾಕಿ ಬಿಗಿಯಿರಿ. ಸೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ ಚಾರ್ಜ್ ಮಾಡಬೇಡಿ, ಹೈಡ್ರೋಜನ್ ತುಂಬಿ ಒಂದು ಕಿಡಿಗೆ ಸಿಡಿಯುತ್ತದೆ. ಸೆಲ್‌ಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆ್ಯಸಿಡ್ ಬೇಡ. ಸಮುದ್ರದ ನೀರು ಒಳಗೆ ಹೋದರೆ ಕ್ಲೋರಿನ್ ಅನಿಲ ಏಳಬಹುದು, ಹತ್ತಿರ ನಿಲ್ಲಬೇಡಿ.

ಲಿಥಿಯಂ ಹಾಕಿಸಿದವರು ಮೇಲಿನ ಅಂಕಿಗಳನ್ನು ಬಿಟ್ಟುಬಿಡಿ. ಅದು ಬಹುಪಾಲು ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕೆ ಚಾರ್ಜರೂ ಬೇರೆ, ಕೊಳ್ಳುವಾಗಲೇ ಕೇಳಿ ತೆಗೆದುಕೊಳ್ಳಿ.