ಸ್ಟ್ಯಾಂಡ್ ಖಾಲಿ, ಕಂಬಿ ತುಂಬಾ ಸೈಕಲ್: ಯಾಕೆ ಹೀಗೆ?

ಓದುಗರ ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯ ನಗರದ ನಡುವೆ ಇದೆ. ಗೇಟಿನ ಹತ್ತಿರ ದೊಡ್ಡ ಸೈಕಲ್ ಸ್ಟ್ಯಾಂಡ್ ಕಟ್ಟಿದ್ದಾರೆ, ಯಾವಾಗಲೂ ಮುಕ್ಕಾಲು ಪಾಲು ಖಾಲಿ. ಎಲ್ಲರೂ ಲೈಬ್ರರಿ ಮೆಟ್ಟಿಲಿನ ಕಂಬಿಗೇ ಸೈಕಲ್ ಕಟ್ಟುತ್ತಾರೆ. ನೋಟಿಸ್ ಹಾಕಿದ್ದಾಯ್ತು, ದಂಡ ಹಾಕಿದ್ದೂ ಆಯ್ತು. ಏನು ಮಾಡಿದರೆ ಸರಿಹೋಗುತ್ತೆ? ಜೊತೆಗೆ ಕ್ಯಾಂಪಸ್ ಒಳಗೆ ಸೈಕಲ್ ಓಡಿಸುವುದು ಸುರಕ್ಷಿತವಾಗಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಮೊದಲು ಆ ನೋಟಿಸ್ ತೆಗೆಸಿ. ಕಂಬಿಗೆ ಕಟ್ಟಿದ ಸೈಕಲ್‌ಗಳನ್ನು ಅಶಿಸ್ತು ಅಂತ ನೋಡಬೇಡಿ, ನಕ್ಷೆ ಅಂತ ನೋಡಿ. ಸ್ಟ್ಯಾಂಡ್ ಎಲ್ಲಿರಬೇಕಿತ್ತು ಅಂತ ಅವು ದಿನಾ ತೋರಿಸುತ್ತಿವೆ.

ಲೆಕ್ಕ ಸುಲಭ. ಮನುಷ್ಯ ಸಾಮಾನ್ಯವಾಗಿ ಗಂಟೆಗೆ 5 ಕಿ.ಮೀ. ನಡೆಯುತ್ತಾನೆ, ಅಂದರೆ ನಿಮಿಷಕ್ಕೆ ಸುಮಾರು 80 ಮೀಟರ್. ಗೇಟಿನಿಂದ ಲೈಬ್ರರಿಗೆ 300 ಮೀಟರ್ ಇದ್ದರೆ ಹೋಗೋಕೆ ನಾಲ್ಕು ನಿಮಿಷ, ಬರೋಕೆ ನಾಲ್ಕು ನಿಮಿಷ. ಜನ ಸೈಕಲ್ ತರೋದೇ ಆ ಎಂಟು ನಿಮಿಷ ಉಳಿಸೋಕೆ ಅಲ್ವಾ? ಒಂದು ಪುಸ್ತಕ ವಾಪಸ್ ಕೊಡಲು ಬಂದವನು ಯಾಕೆ ಗೇಟಿನ ಹತ್ತಿರ ಇಳಿಯುತ್ತಾನೆ? ಸ್ವಲ್ಪ ಹೊತ್ತಿಗೆ ಬರುವವರ ಸ್ಟ್ಯಾಂಡ್ ಬಾಗಿಲಿನಿಂದ ಹದಿನೈದು ಇಪ್ಪತ್ತು ಮೀಟರ್ ಒಳಗಿರಬೇಕು, ಕಣ್ಣಿಗೆ ಕಾಣಬೇಕು. ಇಡೀ ದಿನ ನಿಲ್ಲಿಸುವವರು ಇನ್ನೊಂದಿಷ್ಟು ದೂರ ನಡೆದಾರು, ಆದರೆ ಅವರಿಗೆ ಮೇಲೊಂದು ಸೂರು ಬೇಕು.

ಸ್ಟ್ಯಾಂಡ್ ದೊಡ್ಡದಿರುವುದು ತಪ್ಪಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗ 2019ರಲ್ಲಿ ಪೂರ್ತಿಯಾಯಿತು. ಅಲ್ಲಿ ಸೈಕಲ್ ಓಡಿಸಿಕೊಂಡೇ ಒಳಗೆ ಹೋಗಬಹುದು, ಎಲ್ಲಿ ಜಾಗ ಖಾಲಿ ಇದೆ ಅಂತ ಫಲಕ ಹೇಳುತ್ತದೆ, ಇಟ್ಟು ಬಂದರೆ ರೈಲು ಅಲ್ಲೇ ಹತ್ತಿರ. ಜನ ಬಳಸುವುದು ಅದಕ್ಕೆ. ನಿಮ್ಮ ಗೇಟಿನ ಸ್ಟ್ಯಾಂಡ್ ಹತ್ತಿರ ಏನಿದೆ? ಗೇಟ್ ಅಷ್ಟೇ.

ಜಾಗ ಸರಿಯಿದ್ದರೂ ಕಬ್ಬಿಣ ಸರಿಯಿಲ್ಲದಿದ್ದರೆ ಉಪಯೋಗವಿಲ್ಲ. ಮುಂದಿನ ಚಕ್ರವನ್ನು ಸಂದಿಯಲ್ಲಿ ತೂರಿಸಿ ನಿಲ್ಲಿಸುವ ಸ್ಟ್ಯಾಂಡ್ ನೋಡಿರುತ್ತೀರಿ. ಕಡಿಮೆ ಖರ್ಚು, ಅದಕ್ಕೇ ಎಲ್ಲೆಲ್ಲೂ ಅದೇ. ಪಕ್ಕದ ಸೈಕಲ್ ವಾಲಿದರೆ ಅದರ ಭಾರವೆಲ್ಲ ನಿಮ್ಮ ಚಕ್ರದ ಕಡ್ಡಿಗಳ ಮೇಲೆ, ರಿಮ್ ಸೊಟ್ಟ. ಇನ್ನೊಂದು ತೊಂದರೆ, ಬೀಗ ಹಾಕಲು ಮುಂದಿನ ಚಕ್ರ ಮಾತ್ರ ಸಿಗುತ್ತದೆ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಓದುತ್ತಿದ್ದಾಗ ಒಂದು ಸಂಜೆ ವಾಪಸ್ ಬಂದು ನೋಡಿದರೆ ನನ್ನ ಮುಂದಿನ ಚಕ್ರ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿತ್ತು, ಬೀಗವೂ ಭದ್ರವಾಗಿತ್ತು. ಉಳಿದ ಸೈಕಲ್ ಇರಲಿಲ್ಲ. ಮಾರನೇ ದಿನ ಹೋಗಿ ಗಟ್ಟಿ ಬೀಗ ಕೊಂಡೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಬೇಕಾದ್ದು ತಲೆಕೆಳಗೆ ಮಾಡಿದ 'ಯು' ಆಕಾರದ ದಪ್ಪ ಪೈಪು, ನೆಲಕ್ಕೆ ಕಾಂಕ್ರೀಟಿನಲ್ಲಿ ಹೂತದ್ದು. ಎತ್ತರ ಸುಮಾರು 75 ಸೆಂ.ಮೀ. ಸೈಕಲ್ ಇಡೀ ಉದ್ದಕ್ಕೂ ಅದಕ್ಕೆ ಒರಗುತ್ತದೆ. ಫ್ರೇಮ್, ಒಂದು ಚಕ್ರ, ಪೈಪು, ಮೂರನ್ನೂ ಸೇರಿಸಿ ಒಂದೇ ಬೀಗ ಹಾಕಬಹುದು. ಆ ಕಡೆ ಒಂದು, ಈ ಕಡೆ ಒಂದು, ಒಂದು ಪೈಪಿಗೆ ಎರಡು ಸೈಕಲ್.

ಗುತ್ತಿಗೆದಾರರು ಎಡವುವುದು ಪೈಪಿನಿಂದ ಪೈಪಿಗೆ ಬಿಡುವ ಅಂತರದಲ್ಲಿ. ಸೈಕಲ್ ಹ್ಯಾಂಡಲ್ ಅಗಲವೇ ಸುಮಾರು 60 ಸೆಂ.ಮೀ. ಪೈಪುಗಳ ನಡುವೆ ಅರ್ಧ ಮೀಟರ್ ಬಿಟ್ಟು 'ನಲವತ್ತು ಸೈಕಲ್ ಹಿಡಿಯುತ್ತೆ' ಅಂತ ಬಿಲ್ ಮಾಡಿದರೆ ನಿಜಕ್ಕೂ ಹಿಡಿಯುವುದು ಇಪ್ಪತ್ತು. ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಕೊಂಡು, ಪೆಡಲ್ ಇನ್ನೊಬ್ಬರ ಚಕ್ರದೊಳಗೆ ಹೊಕ್ಕು, ಬಿಡಿಸಿಕೊಳ್ಳೋಕೆ ಹೋಗಿ ಸಾಲು ಸಾಲೇ ಬೀಳುತ್ತದೆ. ಒಂದು ಮೀಟರ್ ಬಿಡಿಸಿ. ಗೋಡೆಗೆ ತೀರಾ ಅಂಟಿಸಿ ಹೂತರೂ ಅಷ್ಟೇ, ಚಕ್ರ ಒಳಗೆ ಹೋಗುವುದಿಲ್ಲ.

ಬೀಗದ ವಿಷಯ ಎರಡೇ ಮಾತು. ತೆಳ್ಳಗಿನ ಕೇಬಲ್ ಬೀಗ ಕಟ್ಟರ್ ಮುಂದೆ ಕೆಲವು ಸೆಕೆಂಡ್ ಕೂಡ ನಿಲ್ಲುವುದಿಲ್ಲ, 'ಯು' ಬೀಗ ತಗೊಳ್ಳಿ. ಪೆಡಲ್ ಕೂರಿಸಿರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಇವತ್ತೇ ಸೈಕಲ್ ಮಗುಚಿ ಅದರ ಫೋಟೋ ತೆಗೆದಿಡಿ.

ವಾರಸುದಾರರಿಲ್ಲದ ಸೈಕಲ್‌ಗಳನ್ನು ಮರೆಯಬೇಡಿ. ಓದು ಮುಗಿಸಿ ಹೋದವರು ಬಿಟ್ಟುಹೋದದ್ದು, ಗಾಳಿಯಿಲ್ಲದ್ದು, ಚೈನ್ ತುಕ್ಕು ಹಿಡಿದದ್ದು ಒಳ್ಳೊಳ್ಳೆ ಜಾಗ ಹಿಡಿದು ಕೂತಿರುತ್ತವೆ. ತಾರೀಕು ಬರೆದ ಚೀಟಿ ಕಟ್ಟಿ. ತಿಂಗಳಾದರೂ ಚೀಟಿ ಹಾಗೇ ಇದ್ದರೆ ಬೀಗ ಕತ್ತರಿಸಿ ಒಳಗಿಡಿ. ಹೊಸ ಪೈಪು ಹೂಳುವ ಮೊದಲೇ ಇದನ್ನು ಮಾಡಿದರೆ ಎಷ್ಟು ಪೈಪು ಬೇಕು ಅನ್ನುವ ಲೆಕ್ಕವೇ ಬದಲಾದೀತು.

ಈಗ ಸುರಕ್ಷತೆ. ಕೇಳಿದ ಕೂಡಲೇ ಎಲ್ಲರೂ ಹೆಲ್ಮೆಟ್ ಅನ್ನುತ್ತಾರೆ. ಹಾಕಿಕೊಳ್ಳಿ, ಒಳ್ಳೆಯದೇ. ಆದರೆ ಅದು ಬಿದ್ದ ಮೇಲಿನ ಮಾತು. ಬೀಳದಂತೆ ಮಾಡುವುದು ರಸ್ತೆಯ ಕೆಲಸ.

ಕ್ಯಾಂಪಸ್ಸಿನ ಅಪಾಯಕ್ಕೆ ಒಂದು ಗಂಟೆ ಇರುತ್ತದೆ: ತರಗತಿ ಬಿಡುವ ಗಂಟೆ. ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ. ನಡೆಯುವವರು 5 ಕಿ.ಮೀ. ವೇಗದಲ್ಲಿ, ಮೊಬೈಲ್ ನೋಡುತ್ತಾ. ಸೈಕಲ್ 15ರಿಂದ 20ರಲ್ಲಿ. ಇಬ್ಬರಿಗೂ ಒಂದೇ ಕಿರಿದಾದ ದಾರಿ ಕೊಟ್ಟು 'ಜಾಗ್ರತೆ' ಅಂತ ಬರೆದರೆ ಆಗುವುದಿಲ್ಲ. ಜನ ಜಾಸ್ತಿ ಇರುವ ಕಡೆ ದಾರಿ ಬೇರೆ ಮಾಡಿ, ಬಣ್ಣದ ಗೆರೆಗಿಂತ ಸ್ವಲ್ಪ ಎತ್ತರದ ವ್ಯತ್ಯಾಸ ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1960ರ ದಶಕದಲ್ಲೇ ಕ್ಯಾಂಪಸ್ಸಿನ ನಡುಭಾಗಕ್ಕೆ ಕಾರು ಬರದಂತೆ ಮಾಡಿತು. ಸೈಕಲ್ ದಾರಿಗಳು ಕೂಡುವ ಕಡೆ ಅಲ್ಲಿ ಸೈಕಲ್‌ಗಳಿಗೇ ಪುಟ್ಟ ಸರ್ಕಲ್‌ಗಳಿವೆ. ಯಾರೂ ಪೂರ್ತಿ ನಿಲ್ಲಬೇಕಿಲ್ಲ, ಆದರೆ ಎಲ್ಲರೂ ನಿಧಾನ ಮಾಡಲೇಬೇಕು.

ಕಾರು ಬಂದೇ ಬರುತ್ತದೆ ಅನ್ನುವ ಕಡೆ ವೇಗ 30 ದಾಟಬಾರದು. 50ರಲ್ಲಿ ಬರುವ ಕಾರಿನ ಹೊಡೆತದ ಶಕ್ತಿ 30ರಲ್ಲಿ ಬರುವ ಅದೇ ಕಾರಿನದಕ್ಕಿಂತ ಹತ್ತಿರ ಹತ್ತಿರ 2.8 ಪಟ್ಟು. ಬೋರ್ಡ್ ನೋಡಿ ಯಾರೂ ನಿಧಾನ ಮಾಡುವುದಿಲ್ಲ. ಹಂಪ್, ಕಿರಿದಾದ ತಿರುವು ನೋಡಿ ಮಾಡುತ್ತಾರೆ. ಸಾಮಾನು ತರುವ ಲಾರಿಗಳಿಗೆ ತರಗತಿ ಬಿಡುವ ಹೊತ್ತು ತಪ್ಪಿಸಿ ಸಮಯ ಕೊಡಿ. ತಿರುಗುವ ಲಾರಿಯ ಪಕ್ಕದಲ್ಲಿರುವ ಸೈಕಲ್ ಡ್ರೈವರ್‌ಗೆ ಕಾಣಿಸದೇ ಹೋಗಬಹುದು.

ಇನ್ನು ನೆಲ ನೋಡಿ. ಚರಂಡಿ ಮೇಲಿನ ಜಾಲರಿಯ ಸೀಳುಗಳು ದಾರಿಯ ಉದ್ದಕ್ಕೇ ಇದ್ದರೆ ತೆಳು ಟೈರ್ ಸೀದಾ ಒಳಗಿಳಿಯುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಆ ಜಾಲರಿಯನ್ನು ಎತ್ತಿ ಅಡ್ಡ ತಿರುಗಿಸಿ ಹಾಕಿದರೆ ಸಾಕು. ಅದು ಚೌಕವಾಗಿದ್ದರೆ ಇಬ್ಬರಿಗೆ ಅರ್ಧ ಗಂಟೆ ಕೆಲಸ. ಕಾರು ಬರದಿರಲಿ ಅಂತ ದಾರಿ ಮಧ್ಯೆ ನೆಟ್ಟ ಗಿಡ್ಡ ಕಂಬಗಳು ರಾತ್ರಿ ಕಾಣುವುದಿಲ್ಲ, ಹೊಳೆಯುವ ಪಟ್ಟಿ ಅಂಟಿಸಿ. ಮೂಲೆಯ ಬೇಲಿ ಗಿಡ ಮೊಣಕಾಲೆತ್ತರಕ್ಕೆ ಕತ್ತರಿಸಿ. ಸೈಕಲ್ ದಾರಿ ನಿಂತ ಕಾರುಗಳ ಸಾಲಿಗೆ ಒತ್ತಿಕೊಂಡಿದ್ದರೆ, ಬಾಗಿಲು ತೆರೆಯುವಷ್ಟು, ಅಂದರೆ ಒಂದು ಮೀಟರ್ ಆದರೂ ಜಾಗ ಬಿಡಿಸಿ. ಸ್ಟ್ಯಾಂಡಿನ ಹತ್ತಿರ ದೀಪ ಇರಲಿ. ಕತ್ತಲಲ್ಲಿ ಕಳ್ಳನಿಗೂ ಅನುಕೂಲ, ಒಬ್ಬಳೇ ಬರುವ ಹುಡುಗಿಗೂ ಭಯ.

ಆಡಳಿತದವರ ಹತ್ತಿರ ಒಂದೇ ಸಲ ಇಷ್ಟನ್ನೂ ಕೇಳಬೇಡಿ, ಸುಮ್ನೆ ಸಮಿತಿ ಮಾಡಿ ಕೂರಿಸುತ್ತಾರೆ. ಒಂದು ವಾರ, ತರಗತಿ ಜೋರಾಗಿರುವ ಹೊತ್ತಿಗೆ, ಯಾವ ಕಂಬಿಗೆ ಎಷ್ಟು ಸೈಕಲ್ ಅಂತ ಎಣಿಸಿ ಬರೆದುಕೊಳ್ಳಿ. ಮಳೆ ಬಂದ ದಿನವೂ ಎಣಿಸಿ. ಆ ಕಾಗದ ತೋರಿಸಿ ಲೈಬ್ರರಿ ಎದುರು ಒಂದು ಕಾರು ನಿಲ್ಲುವ ಜಾಗ ಕೇಳಿ. ಅಷ್ಟರಲ್ಲಿ ಐದು ಪೈಪು ಹೂಳಬಹುದು, ಹತ್ತು ಸೈಕಲ್ ನಿಲ್ಲುತ್ತವೆ. ಹತ್ತೂ ತುಂಬಿದ ದಿನ ಒಂದು ಫೋಟೋ ತೆಗೆದು, ಪಕ್ಕದ ಕಾರಿನ ಜಾಗ ಕೇಳೋಕೆ ಹೋಗಿ.