ಕೀರ್ತನೆ 91 ಓದಿಯೂ ಕೇಡು ಬಂದರೆ? 'ಕಾಪಾಡು' ಎಂದು ಬೇಡುವ ಬಗೆ

ಪ್ರಶ್ನೆ: ಎಲ್ಲಿ ನೋಡಿದರೂ ಕೊಲೆ, ಹಲ್ಲೆ, ಯುದ್ಧದ ಸುದ್ದಿ. ಮನೆಯವರು ಹೊರಗೆ ಹೋದರೆ ವಾಪಸ್ ಬರುವ ತನಕ ನನಗೆ ಸಮಾಧಾನವಿಲ್ಲ. ದೇವರ ಕಾವಲಿನ ವಾಗ್ದಾನವಿರುವ ಬೈಬಲಿನ ಕೀರ್ತನೆ 91ನ್ನು ದಿನಾ ಓದುತ್ತೇನೆ. ಆದರೆ ಪ್ರಾರ್ಥನೆ ಮಾಡುವವರಿಗೂ ಕೇಡು ತಪ್ಪುತ್ತಿಲ್ಲವಲ್ಲ? ಹಾಗಾದರೆ ದೇವರ ಕಾವಲಿಗಾಗಿ ಹೇಗೆ ಪ್ರಾರ್ಥಿಸಬೇಕು?

ಉತ್ತರ: ಮೊದಲು, ಬೇಡುವುದನ್ನು ನಿಲ್ಲಿಸಬೇಡಿ. ಇಷ್ಟು ಹೆದರುವುದು ವಿಶ್ವಾಸದ ಕೊರತೆಯೇನೋ ಎಂದು ಕೆಲವರು ನಾಚಿಕೊಳ್ಳುತ್ತಾರೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಕೊನೆಯ ಬೇಡಿಕೆಯೇ 'ಕೇಡಿನಿಂದ ನಮ್ಮನ್ನು ತಪ್ಪಿಸು' (ಮತ್ತಾಯ 6:13). ಮೂಲ ಗ್ರೀಕ್ ಪದಕ್ಕೆ 'ಕೇಡು' ಎಂದೂ 'ಕೇಡಿಗ', ಅಂದರೆ ಸೈತಾನ, ಎಂದೂ ಅರ್ಥ ಮಾಡಬಹುದು. 'ದುಷ್ಟ ಜನರಿಂದ ನಾವು ಪಾರಾಗುವಂತೆ ಪ್ರಾರ್ಥಿಸಿರಿ' ಎಂದು ಅಪೊಸ್ತಲ ಪೌಲನೂ ಕ್ರೈಸ್ತ ಸಭೆಯನ್ನು ಕೇಳಿಕೊಂಡಿದ್ದಾನೆ (2 ಥೆಸಲೋನಿಕ 3:2). ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಕಷ್ಟ ಇರುವುದು ನಿಮ್ಮ ಪ್ರಶ್ನೆಯ ಎರಡನೇ ಭಾಗದಲ್ಲಿ. ಅದಕ್ಕೆ ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಎರಡನೇ ವಚನದಲ್ಲಿ ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಮೂರನೆಯದರಲ್ಲಿ ಪೇತ್ರನ ಬಂಧನ, ಐದನೆಯದರಲ್ಲಿ ಸಭೆಯ ಆಸಕ್ತಿಯ ಪ್ರಾರ್ಥನೆ. ಆಮೇಲೆ ಸರಪಳಿ ಕಳಚಿ ಬೀಳುತ್ತದೆ, ಪೇತ್ರ ಪಾರಾಗಿ ಬರುತ್ತಾನೆ. ಇಬ್ಬರೂ ಯೇಸುವಿನ ಆಪ್ತ ಶಿಷ್ಯರು, ಒಂದೇ ಸಭೆಯವರು. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆ ಎಂದು ಇದನ್ನು ಬರೆದ ಲೂಕ ಎಲ್ಲಿಯೂ ವಿವರಿಸುವುದಿಲ್ಲ. ಯಾಕೋಬನ ವಿಶ್ವಾಸ ಕಡಿಮೆಯಾಗಿತ್ತು ಎಂದಾಗಲಿ, ಅವನಿಗಾಗಿ ಸಭೆ ಸರಿಯಾಗಿ ಬೇಡಲಿಲ್ಲ ಎಂದಾಗಲಿ ಒಂದು ಮಾತೂ ಅಲ್ಲಿಲ್ಲ. ಇನ್ನೊಂದು ಸ್ವಾರಸ್ಯ: ಪೇತ್ರ ಬಂದು ಬಾಗಿಲು ತಟ್ಟಿದಾಗ, ಅವನ ಬಿಡುಗಡೆಗಾಗಿ ಪ್ರಾರ್ಥಿಸುತ್ತಾ ಕುಳಿತಿದ್ದವರೇ ನಂಬಲಿಲ್ಲ. ಸುದ್ದಿ ತಂದ ರೋದೆ ಎಂಬ ಹುಡುಗಿಗೆ 'ನಿನಗೆ ಹುಚ್ಚು' ಅಂದರು. ಹಾಗಿರುವಾಗ ನಂಬಿಕೆಯ ತೂಕ ನೋಡಿ ಕಾವಲು ಸಿಗುತ್ತದೆ ಎಂಬ ಲೆಕ್ಕ ಎಲ್ಲಿ ಉಳಿಯಿತು?

ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೂ ಇದೇ. ನಂಬಿಕೆಯಿಂದ ಕೆಲವರು ಕತ್ತಿಯ ಬಾಯಿಗೆ ತಪ್ಪಿಸಿಕೊಂಡರು ಎನ್ನುತ್ತದೆ 34ನೇ ವಚನ. ಮೂರು ವಚನ ದಾಟಿದರೆ, ಅದೇ ನಂಬಿಕೆಯ ಬೇರೆ ಕೆಲವರು ಕತ್ತಿಗೆ ಬಲಿಯಾದರು.

ಕೀರ್ತನೆ 91ರ ವಿಷಯಕ್ಕೆ ಬರೋಣ. ಹದಿನಾರು ವಚನಗಳ ಈ ಹಾಡನ್ನು ತಾಯಿತದಂತೆ ಬಳಸಿದವರು ನೀವೇ ಮೊದಲಿಗರಲ್ಲ. ಪ್ರಾಚೀನ ಕ್ರೈಸ್ತ ತಾಯಿತಗಳಲ್ಲಿ ಅತಿ ಹೆಚ್ಚಾಗಿ ಸಿಗುವ ಬೈಬಲ್ ಭಾಗಗಳಲ್ಲಿ ಇದೂ ಒಂದು. ಆದರೆ ಸುವಾರ್ತೆಗಳಲ್ಲಿ ಇದನ್ನು ಬಾಯಿಪಾಠ ಒಪ್ಪಿಸುವವನು ಸೈತಾನ! ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, 'ಧುಮುಕು, ದೇವದೂತರು ನಿನ್ನನ್ನು ಎತ್ತಿ ಹಿಡಿಯುತ್ತಾರೆ ಎಂದು ಬರೆದಿದೆಯಲ್ಲ' ಎನ್ನುತ್ತಾನೆ (ಮತ್ತಾಯ 4:6). ಅವನು ಎತ್ತಿಕೊಂಡದ್ದು 11 ಮತ್ತು 12ನೇ ವಚನ. 'ನಿನ್ನ ಎಲ್ಲಾ ಮಾರ್ಗಗಳಲ್ಲಿ' ಎಂಬ ಮಾತನ್ನು ನುಂಗಿದ, ಸರ್ಪವನ್ನು ತುಳಿಯುವ ಮಾತಿರುವ 13ನೇ ವಚನಕ್ಕೆ ಹೋಗಲೇ ಇಲ್ಲ. ಯೇಸುವಿನ ಉತ್ತರ ಚುಟುಕು: ದೇವರನ್ನು ಪರೀಕ್ಷಿಸಬಾರದು. ವಾಗ್ದಾನವನ್ನು ನಂಬಿ ನಡೆಯುವುದು ಬೇರೆ, ವಾಗ್ದಾನ ಹಿಡಿದು ದೇವರನ್ನು ಕಟ್ಟಿಹಾಕುವುದು ಬೇರೆ.

ನಾಳೆಯಿಂದ ಈ ಕೀರ್ತನೆ ಓದುವಾಗ 15ನೇ ವಚನದಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿ ದೇವರು ಕೊಡುವ ಮಾತು, ಇಕ್ಕಟ್ಟಿನಲ್ಲಿ ಅವನ ಸಂಗಡ ಇರುತ್ತೇನೆ ಎಂಬುದು. ಇಕ್ಕಟ್ಟೇ ಬರುವುದಿಲ್ಲ ಎಂದಿದ್ದರೆ ಈ ಮಾತು ಬೇಕಿರಲಿಲ್ಲ.

ಇನ್ನು ಪ್ರಾರ್ಥಿಸುವ ಕ್ರಮ. ಕೀರ್ತನೆ 13ನ್ನು ಅಚ್ಚಾಗಿ ಇಟ್ಟುಕೊಳ್ಳಿ. ಇರುವುದು ಆರೇ ವಚನ: ಎರಡು ದೂರಿಗೆ, ಎರಡು ಬೇಡಿಕೆಗೆ, ಎರಡು ಭರವಸೆಗೆ. ದೂರಿನ ಎರಡು ವಚನಗಳಲ್ಲಿ 'ಎಷ್ಟರ ತನಕ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೂರನ್ನು ಹಾರಿಸಿ ನೇರ ಭರವಸೆಗೆ ಜಿಗಿಯುವವರೇ ಹೆಚ್ಚು. ಆಗ ಬಾಯಿ ಸ್ತೋತ್ರ ಹೇಳುತ್ತಿರುತ್ತದೆ, ಹೊಟ್ಟೆಯಲ್ಲಿ ಭಯ ಹಾಗೇ ಉಳಿದಿರುತ್ತದೆ.

ಭಯಕ್ಕೆ ಹೆಸರಿಡಿ. 'ಲೋಕದ ಹಿಂಸೆ' ಎಂಬುದು ಬಹಳ ದೊಡ್ಡ ಮಾತು, ಅದನ್ನು ಹಿಡಿದು ಪ್ರಾರ್ಥಿಸಲಾಗದು. ಯಾರು, ಎಲ್ಲಿ, ಯಾವ ಹೊತ್ತು, ಏನಾಗುತ್ತದೆಂಬ ಹೆದರಿಕೆ, ಇಷ್ಟನ್ನು ಒಂದೆರಡು ವಾಕ್ಯದಲ್ಲಿ ಹೇಳಿ. ಬೇಡಿಕೆಯೂ ಅಷ್ಟೇ ನಿರ್ದಿಷ್ಟವಾಗಿರಲಿ. ಒಂದು ಮಾದರಿ:

'ಕರ್ತನೇ, ಮಗಳು ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುತ್ತಾಳೆ. ಆ ಕತ್ತಲ ತಿರುವು ನೆನೆದರೆ ನನಗೆ ಭಯ. ಇದನ್ನು ಇನ್ನೆಷ್ಟು ದಿನ ಸಹಿಸಲಿ? ಅವಳನ್ನು ಕಾಪಾಡು. ಕೇಡು ಮಾಡಲು ಹೊರಟವನ ಕೈ ತಡೆ, ಅವನ ಮನಸ್ಸು ತಿರುಗಿಸು. ಅವಳ ಬುದ್ಧಿ ಎಚ್ಚರವಾಗಿರಲಿ, ನೆರವಿಗೆ ಜನ ಹತ್ತಿರವಿರಲಿ. ನಾನು ಬೇಡಿದಂತೆ ಆಗದಿದ್ದರೂ ನೀನು ಅವಳ ಕೈ ಬಿಡಬೇಡ, ನನ್ನದನ್ನೂ ಬಿಡಬೇಡ. ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ. ಆಮೆನ್.'

ಇದರಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವುದು 'ಆಗದಿದ್ದರೂ' ಎಂಬ ಮಾತು. ಅದನ್ನು ಹೇಳಿದರೆ ಅಪನಂಬಿಕೆ ತೋರಿಸಿದಂತೆ ಎಂದು ಕೆಲವರು ಬೋಧಿಸುವುದುಂಟು. ಅದನ್ನು ಒಪ್ಪಲಾಗದು. ಬೆಂಕಿಯ ಕುಲುಮೆಯ ಎದುರು ನಿಂತ ಶದ್ರಕ್, ಮೇಶಕ್, ಅಬೇದ್‌ನೆಗೋ ರಾಜನಿಗೆ ಇದನ್ನೇ ಹೇಳಿದರು: ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ (ದಾನಿಯೇಲ 3:17-18). ಗೆತ್ಸೇಮನೆಯಲ್ಲಿ ಯೇಸುವೂ 'ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ' ಎಂದು ಬೇಡಿಕೊಂಡ ಮೇಲೆಯೇ 'ನಿನ್ನ ಚಿತ್ತದಂತೆ' ಎಂದದ್ದು. ಬೇಡಿಕೆ ಮೊದಲು, ಒಪ್ಪಿಸುವಿಕೆ ಆಮೇಲೆ. ಮೊದಲೇ 'ನಿನ್ನ ಚಿತ್ತ' ಎಂದು ಶುರುಮಾಡಿ ಬೇಡಿಕೆಯನ್ನೇ ನುಂಗಿಕೊಳ್ಳುವುದೂ ತಪ್ಪೇ.

ಕೇಡು ಮಾಡುವವನಿಗಾಗಿ ಪ್ರಾರ್ಥಿಸುವುದು (ಮತ್ತಾಯ 5:44) ಎಲ್ಲರಿಗೂ ಕಷ್ಟ, ಪೆಟ್ಟು ತಿಂದವರಿಗಂತೂ ಇನ್ನೂ ಕಷ್ಟ. ಸಿಟ್ಟು ಕುದಿಯುತ್ತಿದ್ದರೆ ಮುಚ್ಚಿಡಬೇಡಿ. 'ದುಷ್ಟನ ತೋಳನ್ನು ಮುರಿ' ಎಂಬ ಬೇಡಿಕೆ ಬೈಬಲಿನಲ್ಲೇ ಇದೆ (ಕೀರ್ತನೆ 10:15). ಸಿಟ್ಟನ್ನು ದೇವರ ಮುಂದೆ ಸುರಿದರೆ ಸೇಡಿನ ಕೆಲಸ ಅವನ ಪಾಲಿಗೆ ಹೋಗುತ್ತದೆ, ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಮನೆಯೊಳಗೇ ಹೊಡೆತ ನಡೆಯುತ್ತಿದ್ದರೆ ಇದನ್ನು ಸ್ಪಷ್ಟವಾಗಿ ಹೇಳಬೇಕು: ಕ್ಷಮಿಸುವುದು ಎಂದರೆ ಹೊಡೆಯುವವನ ಕೈಗೆ ಸಿಗುವಂತೆ ಅಲ್ಲೇ ಇರುವುದಲ್ಲ. ಸುರಕ್ಷಿತ ಜಾಗಕ್ಕೆ ಹೋಗಿ, ಪೊಲೀಸರಿಗೆ ತಿಳಿಸಿ, ಅಲ್ಲಿಂದಲೇ ಪ್ರಾರ್ಥಿಸಿ. ದಮಸ್ಕದಲ್ಲಿ ಕೊಲ್ಲಲು ಹೊಂಚುಹಾಕಿದ್ದಾಗ ಪೌಲ ಬುಟ್ಟಿಯಲ್ಲಿ ಕುಳಿತು ಗೋಡೆ ಇಳಿದು ತಪ್ಪಿಸಿಕೊಂಡ. ಅದನ್ನು ಯಾರೂ ಅವಿಶ್ವಾಸ ಎನ್ನಲಿಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯ ಮಾಡಿದ್ದೂ ಒಂದೇ ವಚನದಲ್ಲಿದೆ: ದೇವರಿಗೆ ಪ್ರಾರ್ಥನೆ, ಜೊತೆಗೆ ಹಗಲಿರುಳು ಕಾವಲು (4:9). ಬಾಗಿಲಿಗೆ ಚಿಲಕ ಹಾಕಿಯೇ ಮಂಡಿಯೂರಿ.

ಸಾಮಾನ್ಯವಾಗಿ ಎಡವುವ ಕಡೆ ಇನ್ನೂ ಒಂದೆರಡಿವೆ. ಒಂದು ಗಂಟೆ ಸುದ್ದಿ ನೋಡಿ ಎದ್ದು ನೇರ ಪ್ರಾರ್ಥನೆಗೆ ಕುಳಿತರೆ, ಪ್ರಾರ್ಥನೆಯೂ ಸುದ್ದಿವಾಚನವೇ ಆಗುತ್ತದೆ. ನಡುವೆ ಒಂದು ಕೀರ್ತನೆಯನ್ನಾದರೂ ಗಟ್ಟಿಯಾಗಿ ಓದಿ. 121 ಒಳ್ಳೆಯದು. ಎಂಟು ವಚನಗಳಲ್ಲಿ 'ಕಾಯುವುದು' ಎಂಬ ಹೀಬ್ರೂ ಪದ ಆರು ಸಲ ಬರುತ್ತದೆ, ನಿಧಾನವಾಗಿ ಓದಿದರೂ ಒಂದೆರಡು ನಿಮಿಷ ಸಾಕು. ಹಾಗೆಯೇ, 'ಇವತ್ತು ಓದದಿದ್ದರೆ ಏನೋ ಆಗಿಬಿಡುತ್ತದೆ' ಎಂಬ ಭಯ ಕಾಡುತ್ತಿದ್ದರೆ, ಬೇಕೆಂದೇ ಒಂದು ದಿನ 91ನ್ನು ಬಿಟ್ಟು ಬೇರೆ ಕೀರ್ತನೆ ಓದಿ. ಕಾಯುವುದು ದೇವರು, ಪುಟದ ಸಂಖ್ಯೆಯಲ್ಲ. ಭಯದಿಂದ ನಿದ್ದೆ, ಊಟವೇ ಕೆಟ್ಟಿದ್ದರೆ ವೈದ್ಯರನ್ನೂ ಕಾಣಿ.

ಗುಂಪಾಗಿ ಪ್ರಾರ್ಥಿಸುವಾಗ ನೊಂದವರ ಹೆಸರು ಸಾಕು, ವಿವರ ಬೇಡ. 'ಪ್ರಾರ್ಥನಾ ವಿನಂತಿ'ಯ ನೆಪದಲ್ಲಿ ಎಷ್ಟೋ ಗುಟ್ಟುಗಳು ಬಯಲಾಗಿ, ಪೆಟ್ಟು ತಿಂದವರಿಗೇ ಮತ್ತೆ ಅಪಾಯವಾಗುತ್ತದೆ. 'ಯಾವ ಪಾಪಕ್ಕೆ ಹೀಗಾಯಿತೋ' ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಕೂಡದು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇನೂ ಆಗಿರಲಿಲ್ಲ ಎಂದು ಯೇಸುವೇ ಹೇಳಿದ್ದಾರೆ (ಲೂಕ 13:4-5).

ಮಕ್ಕಳ ಜೊತೆ ಪ್ರಾರ್ಥಿಸುವಾಗ 'ನಿನಗೆ ಏನೂ ಆಗುವುದಿಲ್ಲ' ಎಂದು ಮಾತು ಕೊಡಬೇಡಿ. ಏನಾದರೂ ಆದ ದಿನ ಮಗು ದೇವರನ್ನೇ ಸುಳ್ಳುಗಾರ ಅಂದುಕೊಳ್ಳುತ್ತದೆ. 'ಏನೇ ಆದರೂ ದೇವರು ನಿನ್ನ ಜೊತೆ ಇರುತ್ತಾನೆ, ನಮ್ಮ ಹತ್ತಿರ ಹೇಳು' ಎನ್ನಿ.

ಸ್ವಂತ ಮಾತು ಹೊಳೆಯದ ರಾತ್ರಿಗಳಿಗೆ ಸಿದ್ಧ ಪ್ರಾರ್ಥನೆಗಳಿವೆ. ಆರನೇ ಶತಮಾನದ ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ನಿಯಮದಲ್ಲಿ ಮಲಗುವ ಮುಂಚಿನ ಪ್ರಾರ್ಥನೆಗೆ ದಿನವೂ 4, 91 ಮತ್ತು 134ನೇ ಕೀರ್ತನೆಗಳು ಗೊತ್ತಾಗಿವೆ (ಹಳೆಯ ಲ್ಯಾಟಿನ್ ಎಣಿಕೆಯಲ್ಲಿ 4, 90, 133). 1529ರಲ್ಲಿ ಸುಧಾರಕ ಮಾರ್ಟಿನ್ ಲೂಥರ್ ತಮ್ಮ ಕಿರು ಪ್ರಶ್ನೋತ್ತರಿಯಲ್ಲಿ ಕೊಟ್ಟ ಸಂಜೆಯ ಪ್ರಾರ್ಥನೆ ನಿನ್ನ ದೂತ ನನ್ನ ಜೊತೆಗಿರಲಿ ಎಂದು ಬೇಡುತ್ತದೆ. ಪ್ರಾರ್ಥನೆ ಮುಗಿಸಿ ಚಿಂತೆ ಮಾಡದೆ ಮಲಗಿಬಿಡಿ ಎಂದೂ ಅಲ್ಲೇ ಬರೆದಿದೆ. ಅಪಾಯ ಎದುರಿಗೇ ಬಂದಾಗ ಅಷ್ಟಕ್ಕೂ ಸಮಯವಿರುವುದಿಲ್ಲ. ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನ ಬಾಯಿಂದ ಬಂದದ್ದು ಮೂರೇ ಪದ: 'ಕರ್ತನೇ, ನನ್ನನ್ನು ಕಾಪಾಡು.' ಅಷ್ಟಕ್ಕೇ ಯೇಸು ಕೈಚಾಚಿದರು.