ಡೋಂಗಲ್ ಯಾರ ಜೇಬಿನಲ್ಲಿದೆ?

ಗ್ರಾಮ ಪಂಚಾಯಿತಿಗೆ ಆರಿಸಿ ಬಂದ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಪಂಚಾಯಿತಿ ಸಭಾಂಗಣದಲ್ಲಿ ಒಮ್ಮೆ ನರೇಗಾ ಕೂಲಿ ಪಾವತಿಯ ಪಾಠ ನಡೆದಿತ್ತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಮ್ಮ ಡೋಂಗಲ್, ಅಂದರೆ ಡಿಜಿಟಲ್ ಸಹಿ ಇರುವ ಪುಟ್ಟ ಕಡ್ಡಿಯನ್ನು ಕಂಪ್ಯೂಟರಿಗೆ ಹಾಕಿ, ಆಮೇಲೆ ಅಧ್ಯಕ್ಷರು ತಮ್ಮದನ್ನು ಹಾಕಿ ಒಪ್ಪಿಗೆ ಕೊಟ್ಟರೆ ದುಡ್ಡು ಮುಂದಕ್ಕೆ ಹೋಗುತ್ತಿತ್ತು. “ಡೋಂಗಲ್ ತಂದವರು ತೋರಿಸಿ” ಎಂದೆ. ಒಬ್ಬರು ಬ್ಯಾಗಿನಿಂದ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದನ್ನು ತೆಗೆದರು. ಉಳಿದವರು ಮುಖ ಮುಖ ನೋಡಿಕೊಂಡರು. “ನಮ್ಮ ಮನಿಯವರ ಕಡೆ ಐತ್ರಿ ಮೇಡಂ.” ಮನೆಯವರು ಎದುರಿನ ಚಹಾದಂಗಡಿ ಮುಂದೆ ಬೈಕ್ ಮೇಲೆ ಕೂತಿದ್ದರು.

“ಹೆಣ್ಣು ಅನ್ನೋ ಕಾರಣಕ್ಕೇ ವೋಟು ಹಾಕಬೇಕಾ?” ಎಂದು ಬೆಂಗಳೂರಿನ ಸ್ತ್ರೀವಾದಿ ಗೆಳತಿಯರು ಪ್ರತಿ ಚುನಾವಣೆಯಲ್ಲೂ ಕೇಳುತ್ತಾರೆ. ಆಗೆಲ್ಲ ನನಗೆ ಆ ಕರವಸ್ತ್ರ ನೆನಪಾಗುತ್ತದೆ. ಹಾಗೆಂದು ಉಳಿದವರನ್ನು ಹೀಗಳೆಯುತ್ತಿಲ್ಲ. ಗಂಡಸು ಅಧ್ಯಕ್ಷನಾದಾಗ ಡೋಂಗಲ್ ಗುತ್ತಿಗೆದಾರನ ಕೈಗೆ ಹೋದದ್ದನ್ನೂ ಕಂಡಿದ್ದೇನೆ. ಆಗ ಮಾತ್ರ ‘ಗಂಡಸರಿಗೆ ಆಡಳಿತ ಬರೋದಿಲ್ಲ’ ಎಂದು ಯಾರೂ ಹೇಳಲಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯ ಮತದಾರರ ಮುಂದೆ ಈ ಪ್ರಶ್ನೆ ವಿಚಿತ್ರವಾಗಿ ಬಂತು. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್‌ನಿಂದ ಪ್ರಭಾ ಮಲ್ಲಿಕಾರ್ಜುನ್. ಒಬ್ಬರು ಆಗಿನ ಸಂಸದರ ಪತ್ನಿ, ಇನ್ನೊಬ್ಬರು ಜಿಲ್ಲೆಯ ಸಚಿವರ ಪತ್ನಿ. ಇಬ್ಬರೂ ಹೆಣ್ಣು, ಇಬ್ಬರ ಹಿಂದೆಯೂ ದೊಡ್ಡ ಮನೆತನ. ‘ಹೆಣ್ಣಿಗೆ ಹಾಕುತ್ತೇನೆ’ ಎಂದು ಮತಗಟ್ಟೆಗೆ ಹೋದವಳಿಗೆ ಆ ನಿರ್ಧಾರದಿಂದ ಏನೂ ಸಹಾಯವಾಗುತ್ತಿರಲಿಲ್ಲ. 1999ರ ಬಳ್ಳಾರಿಯಲ್ಲೂ ಹೀಗೇ ಆಗಿತ್ತು. ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ನಿಂತು, ಕನ್ನಡ ಕಲಿತು ಭಾಷಣ ಮಾಡಿದರು. ದೇಶದ ಮಗಳು ಸುಷ್ಮಾನೋ, ಸೊಸೆ ಸೋನಿಯಾನೋ ಎಂಬ ಮಾತು ಜೋರಾಗಿ ನಡೆಯಿತು. ಗೆದ್ದ ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು.

ದಾವಣಗೆರೆಯಲ್ಲಿ ಇನ್ನೊಂದು ನಡೆಯಿತು. ಪ್ರಭಾ ಅವರ ಮಾವ, ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ, ಎದುರಾಳಿ ಗಾಯತ್ರಿಯವರು ಅಡುಗೆ ಮಾಡಲಷ್ಟೇ ಲಾಯಕ್ಕು ಎಂಬರ್ಥದ ಮಾತಾಡಿದರು. ತಮ್ಮ ಸೊಸೆಗೇ ಮತ ಕೇಳುತ್ತ ಆಡಿದ ಮಾತದು! ನನ್ನ ಪರಿಚಯದ ಮಹಿಳಾ ಸಂಘಟನೆಯವರು ಆಗ ಇಕ್ಕಟ್ಟಿಗೆ ಸಿಕ್ಕಿದರು. ಗಾಯತ್ರಿಯವರ ಪರ ದನಿ ಎತ್ತಿದರೆ ಬಿಜೆಪಿ ಪರ ಅನ್ನಿಸಿಕೊಳ್ಳಬೇಕು, ಸುಮ್ಮನಿದ್ದರೆ ಆ ಮಾತನ್ನು ಒಪ್ಪಿದಂತೆ. ಇದರಲ್ಲಿ ಇಕ್ಕಟ್ಟೇನೂ ಇಲ್ಲ ಎಂದು ನನ್ನ ಲೆಕ್ಕ. ಅಡುಗೆಮನೆ ಮಾತಿಗೆ ಗಾಯತ್ರಿಯವರ ಪರ ನಿಲ್ಲಬೇಕು, ಆಮೇಲೆ ಮತಗಟ್ಟೆಗೆ ಹೋಗಿ ಬೇಕಾದವರಿಗೆ ಮತ ಹಾಕಬೇಕು. ಹೆಣ್ಣೆಂಬ ಕಾರಣಕ್ಕೆ ಆಕೆಗೆ ಕಲ್ಲು ಬಿದ್ದಾಗ ಪಕ್ಷ ನೋಡದೆ ಅಡ್ಡ ನಿಲ್ಲುವ ಸಾಲ ನಮ್ಮ ಮೇಲಿದೆ. ವೋಟು ಆ ಸಾಲದ ಬಾಬ್ತಲ್ಲ.

ಹಾಗಾದರೆ ಹೆಣ್ಣೆಂಬುದಕ್ಕೆ ತೂಕವೇ ಇಲ್ಲವೆ? ಇದೆ. ಆದರೆ ಅದು ಒಬ್ಬ ಅಭ್ಯರ್ಥಿಯಲ್ಲಿ ಕಾಣುವುದಿಲ್ಲ, ಸಂಖ್ಯೆಯಲ್ಲಿ ಕಾಣುತ್ತದೆ. ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ತರಬೇತಿಯಲ್ಲಿ ತಪ್ಪದೆ ಹೇಳುತ್ತೇನೆ. ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ, ಎರಡೂ ಕಡೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಹೆಚ್ಚಾಗಿತ್ತು. ರಸ್ತೆಯ ವಿಷಯ ಇನ್ನೂ ಸ್ವಾರಸ್ಯ. ಬೀರ್‌ಭೂಮ್‌ನಲ್ಲಿ ರಸ್ತೆ ಕೇಳಿದವರು ಹೆಣ್ಣುಮಕ್ಕಳು, ಅಲ್ಲಿ ರಸ್ತೆ ಹೆಚ್ಚಿತು. ಉದಯಪುರದಲ್ಲಿ ಅದು ಗಂಡಸರ ಬೇಡಿಕೆ, ಅಲ್ಲಿ ಕಡಿಮೆಯಾಯಿತು. ಆ ಅಧ್ಯಕ್ಷೆಯರನ್ನು ಯಾರೂ ಸ್ತ್ರೀವಾದದ ಪರೀಕ್ಷೆ ಮಾಡಿ ಆರಿಸಿರಲಿಲ್ಲ. ಸರದಿಯ ಮೇಲೆ ಸೀಟು ಬಂದಿತ್ತು, ಬಂದವರಲ್ಲಿ ಅನೇಕರು ಹೆಚ್ಚು ಓದಿದವರೂ ಅಲ್ಲ.

ಇಷ್ಟಕ್ಕೇ ಹಿಗ್ಗಬೇಕಿಲ್ಲ. ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳನ್ನು ನೋಡಿದ ರಾಡು ಬಾನ್ ಮತ್ತು ವಿಜಯೇಂದ್ರ ರಾವ್, ಒಟ್ಟಾರೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂದು 2008ರಲ್ಲಿ ಬರೆದರು. ಅನುಭವವಿದ್ದ ಅಧ್ಯಕ್ಷೆಯರು ಚೆನ್ನಾಗಿ ಮಾಡಿದ್ದರು. ಊರಿನ ಜಮೀನೆಲ್ಲ ಮೇಲ್ಜಾತಿಯವರ ಕೈಯಲ್ಲಿದ್ದ ಕಡೆ ಹಿಂದೆ ಬಿದ್ದಿದ್ದರು. ಹದಿನೈದು ವರ್ಷದ ನನ್ನ ತಿರುಗಾಟದಲ್ಲಿ ಕಂಡದ್ದೂ ಅದೇ. ದಲಿತ ಅಧ್ಯಕ್ಷೆಗೆ ಕುರ್ಚಿ ಹಾಕದ ಊರಿನಲ್ಲಿ ‘ಮಹಿಳೆ’ ಎಂಬ ಒಂದೇ ಪದ ಹಿಡಿದು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ನಮ್ಮ ರಾಜ್ಯ ಈ ದಾರಿಯಲ್ಲಿ ಮುಂದಿತ್ತು. ಅಬ್ದುಲ್ ನಜೀರ್ ಸಾಬ್ ಸಚಿವರಾಗಿದ್ದಾಗ ಬಂದ 1983ರ ಪಂಚಾಯಿತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನಗಳಿದ್ದವು. 2010ರಲ್ಲಿ ಅದು ಶೇ 50 ಆಯಿತು. ಪಂಚಾಯಿತಿ ಮೆಟ್ಟಿಲು ಇಷ್ಟು ತುಂಬಿದ್ದರೂ ಮೇಲಿನ ಮೆಟ್ಟಿಲು ಖಾಲಿ. 2023ರ ವಿಧಾನಸಭೆ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದ ಮಹಿಳೆಯರು 10 ಜನ. 2024ರಲ್ಲಿ 28 ಲೋಕಸಭಾ ಕ್ಷೇತ್ರಗಳಿಗೆ 3. ಕೆಳಗೆ ಸಾವಿರಾರು ಜನ ಕೆಲಸ ಕಲಿತಿರುವಾಗ ಟಿಕೆಟ್ ಮಾತ್ರ ಸುತ್ತಿ ಬಳಸಿ ಮನೆತನಗಳಿಗೇ ಹೋಗುತ್ತದೆ. ಆದ್ದರಿಂದ ಸ್ತ್ರೀವಾದಿ ಮತದಾರಳ ಜಗಳ ಪಕ್ಷದ ಕಚೇರಿಯಲ್ಲಿ, ಬಿ ಫಾರಂ ಹಂಚುವ ಮೊದಲೇ ಶುರುವಾಗಬೇಕು. ಮತದಾನದ ದಿನ ನಮ್ಮ ಮುಂದಿರುವುದು ಬೇರೆಯವರು ಬಡಿಸಿದ ಎಲೆ.

ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿಗೆ 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಮೀಸಲು ಕ್ಷೇತ್ರದಲ್ಲಿ ನಿಂತವರೆಲ್ಲ ಹೆಣ್ಣೇ, ಅಂದರೆ ಎಲ್ಲ ಕಡೆ ದಾವಣಗೆರೆಯೇ. ಆಗ ‘ಹೆಣ್ಣೇ?’ ಎಂಬುದನ್ನು ದಾಟಿ ಎರಡನೇ ಪ್ರಶ್ನೆ ಕೇಳಲೇಬೇಕಾಗುತ್ತದೆ. ನಾನು ಕೇಳುವುದು ಹೆಂಡದ ಪ್ರಶ್ನೆ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಕಾಲಿಗೆ ಬೊಬ್ಬೆ ಎದ್ದಿತ್ತು. ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ “ನಮ್ಮೂರ ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ ಮಾರೋದನ್ನ ನಿಲ್ಲಿಸ್ತೀರಾ?” ಎಂದು ಕೇಳಿ ನೋಡಿ. ಆಕೆ ಉತ್ತರಿಸುವ ಮೊದಲು ಯಾರ ಮುಖ ನೋಡುತ್ತಾಳೆ ಎಂಬುದು ನನಗೆ ಉತ್ತರಕ್ಕಿಂತ ಮುಖ್ಯ.

ಒಂದು ಕಡೆ ಮಾತ್ರ ನಾನು ಹಿಂದೆಮುಂದೆ ನೋಡದೆ ಹೆಣ್ಣಿಗೇ ಹಾಕಿ ಅನ್ನುತ್ತೇನೆ. ಕೆಲಸ ಮಾಡಿ ತೋರಿಸಿದ ಸದಸ್ಯೆ, ಮೀಸಲಾತಿ ಬದಲಾದ ಮೇಲೂ ಜನರಲ್ ಸೀಟಿಗೆ ನಿಂತರೆ. ಕರವಸ್ತ್ರದ ಅಧ್ಯಕ್ಷೆ ಹಾಗೆ ನಿಂತಿದ್ದರು. ಪ್ರಚಾರಕ್ಕೆ ಹೋದಲ್ಲೆಲ್ಲ ಜನ “ನಿಮ್ಮ ಸೀಟು ಹೋತಲ್ರೀ, ಮತ್ತ್ಯಾಕ ನಿಂತ್ರಿ?” ಎಂದು ನಿಜವಾಗಿ ಅಚ್ಚರಿಪಟ್ಟು ಕೇಳುತ್ತಿದ್ದರಂತೆ. ಅವರ ವಾರ್ಡಿನ ಸ್ವಸಹಾಯ ಸಂಘದ ಸಭೆಗೆ ಹೋಗಿದ್ದಾಗ ಒಬ್ಬಾಕೆಯನ್ನು ಕೇಳಿದೆ, “ಹೆಣ್ಮಗಳು ಅಂತ ಹಾಕ್ತೀರೇನು?”

“ಹೆಣ್ಮಗಳು ಅಂತ ಯಾಕ ಹಾಕೂಣ್ರಿ? ಹ್ವಾದ ಬ್ಯಾಸಗ್ಯಾಗ ನಮ್ಮ ಓಣಿ ಬೋರ್‌ವೆಲ್ ಕೆಟ್ಟಾಗ ರಾತ್ರಿ ಬಂದು ಪಂಪ್ ಎತ್ತಿಸ್ಯಾಳ. ಗಂಡಸ್ರು ಬೆಳಿಗ್ಗೆ ನೋಡೋಣಂತಿದ್ರು.”